ತ್ರೀ-ಡಿ ಯಂತ್ರವೋ, ಅಂಗಳದ ದಾರವೋ: ಎತ್ತರಿಸಿದ ಹಳೆಯ ಪಿಕಪ್‌ನ ವೀಲ್ ಅಲೈನ್‌ಮೆಂಟ್

ತೀರ್ಥಹಳ್ಳಿಯ ಕಡೆಯ ತೋಟದ ರಸ್ತೆಗಳಲ್ಲಿ ಓಡಾಡುವ ನನ್ನ ಹಳೆಯ ಪಿಕಪ್‌ಗೆ ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗ್‌ನ ಕೆಲಸ ಮಾಡುವ ಸರಳು), ಹಿಂದೆ ಕಮಾನು ಪಟ್ಟಿಗಳಿವೆ. ಹಿಂದಿನ ಮಾಲೀಕರು ಟಾರ್ಷನ್ ಬಾರ್ ತಿರುಗಿಸಿ ಮುಂಭಾಗವನ್ನು ಎತ್ತರಿಸಿದ್ದರು, ಹಿಂದಕ್ಕೆ ಒಂದು ಪಟ್ಟಿ ಸೇರಿಸಿದ್ದರು ಮತ್ತು 31 ಇಂಚಿನ ಟೈರ್ ಹಾಕಿಸಿದ್ದರು. ಗಾಡಿ ನನ್ನ ಕೈಗೆ ಬಂದಾಗ ಮುಂದಿನ ಎರಡೂ ಟೈರ್‌ಗಳ ಒಳಬದಿ ಸವೆದಿತ್ತು. ಅಡಿಕೆ ಚೀಲ ತುಂಬಿದಾಗ ನೇರವಾಗಿ ಹೋಗುವ ಗಾಡಿ, ಖಾಲಿ ಬರುವಾಗ ರಸ್ತೆಯ ಮೇಲೆ ಅಲೆದಾಡುತ್ತಿತ್ತು. ಇದಕ್ಕೆ ಶಿವಮೊಗ್ಗದ ತ್ರೀ-ಡಿ ಯಂತ್ರದ ಕಂಪ್ಯೂಟರ್ ಅಲೈನ್‌ಮೆಂಟ್ (ಚಕ್ರಗಳ ಕೋನಗಳನ್ನು ಅಳೆದು ಸರಿಪಡಿಸುವುದು) ಮತ್ತು ಮನೆಯಂಗಳದ ದಾರದ ಅಳತೆ ಎರಡನ್ನೂ ಮಾಡಿ ನೋಡಿದ್ದೇನೆ. ಎರಡರಲ್ಲಿ ಯಾವುದು ಯಾವ ದೋಷವನ್ನು ಹಿಡಿಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಎರಡಕ್ಕೂ ಮೊದಲು ಆಗಬೇಕಾದ ಕೆಲಸ ಒಂದೇ. ಮುಂದಿನ ಚಕ್ರವನ್ನು ಜಾಕ್ ಮೇಲೆತ್ತಿ, ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಬಾಲ್ ಜಾಯಿಂಟ್ (ಚಕ್ರದ ಗುಂಡು ಕೀಲು) ಹಾಗೂ ಬೇರಿಂಗ್‌ನ ಆಟ, ಅಂದರೆ ಸಡಿಲ, ತಿಳಿಯುತ್ತದೆ; ಎಡ ಬಲಕ್ಕೆ ಅಲುಗಿಸಿದರೆ ಟೈ ರಾಡ್ ಎಂಡ್‌ನದು (ಸ್ಟೇರಿಂಗ್‌ನಿಂದ ಚಕ್ರವನ್ನು ತಿರುಗಿಸುವ ಸರಳಿನ ತುದಿಯ ಕೀಲು). ಆಟವಿರುವ ಗಾಡಿಯನ್ನು ಎಷ್ಟೇ ದುಬಾರಿ ಯಂತ್ರದ ಮೇಲೆ ನಿಲ್ಲಿಸಿದರೂ ಆ ಅಳತೆ ಮೊದಲ ಗುಂಡಿಯವರೆಗೆ ಮಾತ್ರ ಉಳಿಯುತ್ತದೆ. ಒಂದೇ ಕಡೆಗೆ ಎಳೆಯುವ ಗಾಡಿಯಾದರೆ ಮುಂದಿನ ಟೈರ್‌ಗಳನ್ನು ಎಡ ಬಲ ಅದಲುಬದಲು ಮಾಡಿ ನೋಡಬೇಕು. ಎಳೆತದ ದಿಕ್ಕೂ ಬದಲಾದರೆ ದೋಷ ಟೈರಿನದು.

ತ್ರೀ-ಡಿ ಯಂತ್ರದಲ್ಲಿ ಚಕ್ರಗಳಿಗೆ ಕಟ್ಟಿದ ಫಲಕಗಳನ್ನು ಎದುರಿನ ಕ್ಯಾಮೆರಾಗಳು ನೋಡುತ್ತವೆ. ಗಾಡಿಯನ್ನು ಹಿಂದೆ ಮುಂದೆ ತಳ್ಳಿದಾಗ ರಿಮ್‌ನ ಬಾಗನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಮತ್ತು ಕ್ಯಾಸ್ಟರ್ (ಬದಿಯಿಂದ ನೋಡಿದಾಗ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಅಳೆಯುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ನಾನು ಮೊದಲು ಹೋದ ಅಂಗಡಿಯಲ್ಲಿ ಟೋ (ಮೇಲಿನಿಂದ ನೋಡಿದಾಗ ಚಕ್ರಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ) ಮಾತ್ರ ಸರಿಪಡಿಸಿ, ಪರದೆ ಹಸಿರಾದ ಕೂಡಲೇ ಗಾಡಿ ಇಳಿಸಿಬಿಟ್ಟರು. ಆ ಹಸಿರು ಕಾರ್ಖಾನೆಯ ಎತ್ತರಕ್ಕೆ ಬರೆದ ಅಂಕಿಗಳದು; ಗಾಡಿ ಎತ್ತರಿಸಲ್ಪಟ್ಟಿದೆ ಎಂಬುದು ಯಂತ್ರಕ್ಕೆ ಗೊತ್ತಿರುವುದಿಲ್ಲ. ಸ್ಟೇರಿಂಗನ್ನು ಎರಡೂ ಕಡೆ ತಿರುಗಿಸಿ ಕ್ಯಾಸ್ಟರ್ ಅಳೆಯುವ ಹಂತವನ್ನು ಕೇಳಿಯೇ ಮಾಡಿಸಿಕೊಳ್ಳಬೇಕು. ಬೇರೊಂದು ಅಂಗಡಿಯಲ್ಲಿ ಹಾಗೆ ಮಾಡಿಸಿದಾಗ ಎರಡೂ ಕಡೆ ಕ್ಯಾಸ್ಟರ್ ತೀರಾ ಕಡಿಮೆಯಿರುವುದು ಕಂಡಿತು.

ಖಾಲಿ ಗಾಡಿಯ ಅಲೆದಾಟಕ್ಕೆ ಕಾರಣ ಅಲ್ಲಿಯೇ ಇತ್ತು. ಆಕ್ಸಲ್‌ನಿಂದ ಆಕ್ಸಲ್‌ಗೆ ಸುಮಾರು 3 ಮೀಟರ್ ಇರುವ ಗಾಡಿಯ ಹಿಂಭಾಗವನ್ನು ಮುಂಭಾಗಕ್ಕಿಂತ 50 ಮಿ.ಮೀ. ಹೆಚ್ಚು ಎತ್ತಿದರೆ ಇಡೀ ಚಾಸಿ ಹೆಚ್ಚುಕಡಿಮೆ 1 ಡಿಗ್ರಿ ಮುಂದಕ್ಕೆ ಬಾಗುತ್ತದೆ, ಕ್ಯಾಸ್ಟರ್ ಅಷ್ಟೇ ಕಡಿಮೆಯಾಗುತ್ತದೆ. ಎರಡು ಮೂರು ಡಿಗ್ರಿ ಮಾತ್ರ ಇರಬೇಕಾದ ಕಡೆ ಒಂದು ಡಿಗ್ರಿ ಎಂದರೆ ಸಣ್ಣ ನಷ್ಟವಲ್ಲ. ಲೋಡ್ ಬಿದ್ದು ಹಿಂಭಾಗ ಕುಸಿದಾಗ ಕಳೆದುಹೋದ ಕ್ಯಾಸ್ಟರ್ ಮರಳಿ ಬರುತ್ತದೆ, ಸ್ಟೇರಿಂಗ್ ತಾನಾಗಿ ನೇರಕ್ಕೆ ತಿರುಗುತ್ತದೆ. ತುಂಬಿದಾಗ ನೆಟ್ಟಗೆ, ಖಾಲಿಯಲ್ಲಿ ಅಲೆದಾಟ ಎಂಬ ಲಕ್ಷಣ ಕಂಡರೆ ಟೋ ಮುಟ್ಟುವ ಮೊದಲು ಹಿಂದಿನ ಪಟ್ಟಿಗಳನ್ನು ನೋಡಬೇಕು.

ಇನ್ನು ದಾರದ ವಿಧಾನ. ಅಡಿಕೆ ಒಣಗಿಸುವ ಸಿಮೆಂಟ್ ಅಂಗಳ ಸಮತಟ್ಟಾಗಿ ಕಂಡರೂ ನೀರು ಹರಿಯಲೆಂದು ಇಳಿಜಾರು ಕೊಟ್ಟಿರುತ್ತಾರೆ. ಹಾಗಾಗಿ ಗಾರೆಯವರು ಬಳಸುವ ನೀರಿನ ಪೈಪಿನಿಂದ ನಾಲ್ಕೂ ಚಕ್ರಗಳ ಜಾಗದ ಮಟ್ಟ ನೋಡಿ, ತಗ್ಗಿದ್ದ ಕಡೆ ಹಲಗೆ ಕೊಟ್ಟೆ. ಮುಂದಿನ ಚಕ್ರಗಳ ಕೆಳಗೆ ನಡುವೆ ಗ್ರೀಸ್ ಹಚ್ಚಿದ ಎರಡೆರಡು ತಗಡಿನ ಹಾಳೆಗಳನ್ನಿಟ್ಟರೆ ಚಕ್ರ ಸಲೀಸಾಗಿ ತಿರುಗುತ್ತದೆ. ಗಾಡಿಯ ಎರಡೂ ಬದಿಗೆ ಹಬ್‌ನ ಎತ್ತರದಲ್ಲಿ ಒಂದಕ್ಕೊಂದು ಸಮಾನಾಂತರವಾಗಿ ದಾರ ಕಟ್ಟಬೇಕು. ಮುಂದಿನ ಹಬ್‌ಗಳಿಂದ ಎಡ ಬಲ ದಾರದ ದೂರ ಸಮವಿರಬೇಕು, ಹಿಂದಿನವುಗಳಿಂದಲೂ ಸಮವಿರಬೇಕು. ಮುಂದು ಹಿಂದಿನ ಆಕ್ಸಲ್‌ಗಳ ಅಗಲ ಬೇರೆಯಿರುವುದರಿಂದ ಆ ಎರಡು ದೂರಗಳು ಒಂದೇ ಆಗಬೇಕಿಲ್ಲ. ರಿಮ್‌ನ ಮುಂದಿನ ಅಂಚಿನಿಂದ ದಾರಕ್ಕೆ ಇರುವ ಅಂತರ ಹಿಂದಿನ ಅಂಚಿನದಕ್ಕಿಂತ ಹೆಚ್ಚಿದ್ದರೆ ಟೋ-ಇನ್, ಕಡಿಮೆಯಿದ್ದರೆ ಟೋ-ಔಟ್.

ಯಂತ್ರ ನನಗೆ ತೋರಿಸದ ಸಂಗತಿಯನ್ನು ಈ ದಾರ ತೋರಿಸಿತು. ಯಂತ್ರದ ಮೇಲೆ ಗಾಡಿ ಒಂದೇ ಎತ್ತರದಲ್ಲಿ ನಿಂತಿರುತ್ತದೆ. ಅಂಗಳದಲ್ಲಿ ಮುಂಭಾಗವನ್ನು ಸ್ವಲ್ಪ ಸ್ವಲ್ಪವೇ ಎತ್ತುತ್ತಾ, ಬಂಪರ್ ಮೇಲೆ ಚೀಲವಿಟ್ಟು ಇಳಿಸುತ್ತಾ, ಪ್ರತಿ ಸಲವೂ ಅಳೆಯಬಹುದು. ಟಾರ್ಷನ್ ಬಾರ್ ಬಿಗಿದ ಸ್ಥಿತಿಯಲ್ಲಿ ಟೈ ರಾಡ್‌ಗಳು ಕಡಿದಾಗಿ ಕೆಳಕ್ಕೆ ಬಾಗಿದ್ದವು. ಚಕ್ರ ಒಂದಿಷ್ಟು ಮೇಲೆ ಕೆಳಗೆ ಆದರೂ ಟೋ ಬದಲಾಗುತ್ತಿತ್ತು. ಟೈ ರಾಡ್ ಆಕ್ಸಲ್‌ನ ಹಿಂದಿರುವ ನನ್ನ ಗಾಡಿಯಲ್ಲಿ ಚಕ್ರ ಕೆಳಗಿಳಿದಾಗಲೆಲ್ಲ ಅದು ಟೋ-ಔಟ್‌ಗೆ ಹೋಗುತ್ತಿತ್ತು. ಕ್ಯಾಂಬರ್ ಪಾಸಿಟಿವ್ ಇದ್ದೂ, ಅಂದರೆ ಚಕ್ರದ ತಲೆ ಹೊರಕ್ಕೆ ವಾಲಿದ್ದೂ, ಟೈರಿನ ಒಳಬದಿ ಸವೆದದ್ದೇಕೆ ಎಂಬುದಕ್ಕೆ ಉತ್ತರ ಇದೇ. ಟೈರ್ ಮೇಲೆ ಅಂಗೈ ಆಡಿಸಿದರೂ ಇದು ತಿಳಿಯುತ್ತಿತ್ತು: ಒಳಗಿನಿಂದ ಹೊರಕ್ಕೆ ನುಣುಪು, ಹೊರಗಿನಿಂದ ಒಳಕ್ಕೆ ಗರಗಸದ ಹಲ್ಲು.

ದಾರದ ಮಿತಿ ಕ್ಯಾಸ್ಟರ್. ಚಕ್ರವನ್ನು 20 ಡಿಗ್ರಿ ಹೊರಕ್ಕೂ 20 ಡಿಗ್ರಿ ಒಳಕ್ಕೂ ತಿರುಗಿಸಿ, ಡಿಜಿಟಲ್ ಕೋನಮಾಪಕದಿಂದ ಕ್ಯಾಂಬರ್ ಓದಿ, ಎರಡರ ವ್ಯತ್ಯಾಸವನ್ನು 1.5ರಿಂದ ಗುಣಿಸಿದರೆ ಕ್ಯಾಸ್ಟರ್ ಸಿಗುತ್ತದೆ. ಆದರೆ ಮಾಪಕದ ಸಣ್ಣ ತಪ್ಪೂ ಅದರೊಂದಿಗೆ ಗುಣಿಸಲ್ಪಡುತ್ತದೆ. ಎಡ ಬಲದ ಅರ್ಧ ಡಿಗ್ರಿ ವ್ಯತ್ಯಾಸವನ್ನು ಹಿಡಿಯಲು ಇದನ್ನು ನಂಬಲಾರೆ. ಅದಕ್ಕೆ ಸುಮಾರು 60 ಕಿ.ಮೀ. ದೂರದ ಶಿವಮೊಗ್ಗಕ್ಕೆ ಹೋಗುವುದೇ ಮೇಲು.

ಸರಿಪಡಿಸುವಾಗ ಅನುಸರಿಸಿದ ಕ್ರಮದಿಂದಲೇ ಫಲ ಸಿಕ್ಕಿತು. ಮೊದಲು ಹಿಂದಿನ ಹೆಚ್ಚುವರಿ ಪಟ್ಟಿ ತೆಗೆಸಿದೆ. ಟಾರ್ಷನ್ ಬಾರ್ ಸಡಿಲಿಸಿ, ಚಕ್ರವನ್ನು ಚಾಸಿಗೆ ಜೋಡಿಸುವ ಕೆಳಗಿನ ಆರ್ಮ್ ಹೆಚ್ಚುಕಡಿಮೆ ಮೂಲ ಕೋನಕ್ಕೆ ಬರುವಂತೆ ಇಳಿಸಿದೆ. ಟೈರ್ ಫೆಂಡರ್‌ಗೆ ತಾಗತೊಡಗಿದ್ದರಿಂದ ಮೂಲ ಅಳತೆಯ ಟೈರ್‌ಗೇ ಮರಳಿದೆ. ಆಮೇಲೆ ಯಂತ್ರದ ಮೇಲೆ, ಮೇಲಿನ ಆರ್ಮ್‌ನ ಬೋಲ್ಟ್‌ಗಳಲ್ಲಿರುವ ಶಿಮ್‌ಗಳಿಂದ (ಸಂದಿಗೆ ತುರುಕುವ ತೆಳು ತಗಡುಗಳು) ಉಳಿದುದನ್ನು ಸರಿಪಡಿಸಿದೆವು. ಎರಡೂ ಬೋಲ್ಟ್‌ಗೆ ಸಮನಾಗಿ ಹಾಕಿದರೆ ಕ್ಯಾಂಬರ್ ಬದಲಾಗುತ್ತದೆ, ಒಂದರಿಂದ ತೆಗೆದು ಇನ್ನೊಂದಕ್ಕೆ ಹಾಕಿದರೆ ಕ್ಯಾಸ್ಟರ್. ಎತ್ತರ ಉಳಿಸಿಕೊಳ್ಳಲು ಆರ್ಮ್ ಕತ್ತರಿಸಿ ವೆಲ್ಡ್ ಮಾಡಿಸುವ ಸಲಹೆಯೂ ಬಂದಿತ್ತು. ಹುಲಿಕಲ್ ಘಾಟಿಯ ತಿರುವಿನಲ್ಲಿ ಆ ಬೆಸುಗೆಯನ್ನು ನಂಬಿ ಗಾಡಿ ಇಳಿಸುವ ಮನಸ್ಸು ನನಗಿಲ್ಲ. ಟೋವನ್ನು ಕೊನೆಯಲ್ಲಿ ನಾನೇ ಅಂಗಳದಲ್ಲಿ, ಸಾಮಾನ್ಯವಾಗಿ ಹೊರುವಷ್ಟು ಲೋಡ್ ಇಟ್ಟುಕೊಂಡು ಸರಿಪಡಿಸಿದೆ. ಮಳೆಗಾಲ ಮುಗಿದ ಮೇಲೆ ಪರೀಕ್ಷಿಸುವುದೂ ದಾರದಿಂದಲೇ.

ಒಂದು ಸಣ್ಣ ಎಳೆತ ಉಳಿದಿದೆ. ಮಳೆನೀರು ಇಳಿಯಲೆಂದು ನಮ್ಮ ರಸ್ತೆಗಳು ಅಂಚಿಗೆ ಬಾಗಿರುವುದರಿಂದ ಮಂಡಗದ್ದೆಯ ದಾರಿಯಲ್ಲಿ ಗಾಡಿ ಮೆಲ್ಲಗೆ ಎಡಕ್ಕೆ ಸರಿಯುತ್ತದೆ. ಎಡಗಡೆಯ ಕ್ಯಾಸ್ಟರನ್ನು ಸ್ವಲ್ಪ ಹೆಚ್ಚಿಸಿ ಅದನ್ನು ಸರಿದೂಗಿಸಬಹುದೆಂದು ಅಂಗಡಿಯವರು ಹೇಳಿದರು. ಆದರೆ ನನ್ನ ಓಡಾಟದ ಹೆಚ್ಚಿನ ಭಾಗ ರಸ್ತೆಯ ನಡುವೆಯೇ ಹೋಗಬೇಕಾದ ಒಂಟಿ ದಾರಿಗಳಲ್ಲಿ. ಅಲ್ಲಿ ಅದೇ ವ್ಯತ್ಯಾಸ ಬಲಕ್ಕೆ ಎಳೆಯುತ್ತದೆ. ಹಾಗಾಗಿ ಎರಡೂ ಕಡೆ ಸಮವಾಗಿಯೇ ಇಡಿಸಿಕೊಂಡಿದ್ದೇನೆ.