ಪಂಜರವೋ ಕೋಣೆಯೋ, ಸೀರೆಯೋ ಬೆಲ್ಟೋ: ದೊಡ್ಡ ನಾಯಿಗೆ ಮೊಣಕಾಲಿನ ಆಪರೇಷನ್ ಆದ ಮೇಲೆ

ನಮ್ಮ ಭೀಮ ಲ್ಯಾಬ್ರಡಾರ್. ಆಪರೇಷನ್ ಹೊತ್ತಿಗೆ ಅವನ ತೂಕ 38 ಕೆಜಿ. ಹಿಂಗಾಲಿನ ಮೊಣಕಾಲಿನ ಲಿಗಮೆಂಟ್, ಅಂದರೆ ಕೀಲಿನ ಎಲುಬುಗಳನ್ನು ಹಿಡಿದಿಡುವ ಪಟ್ಟಿ, ಹರಿದಿತ್ತು. ಪುಣೆಯಲ್ಲಿ ಆಪರೇಷನ್ ಮಾಡಿಸಿ ವಿಜಯಪುರಕ್ಕೆ ಕರೆತಂದೆವು. ಡಾಕ್ಟರ ಕೆಲಸ ಕೆಲವೇ ಗಂಟೆಯಲ್ಲಿ ಮುಗಿಯುತ್ತದೆ. ಆಮೇಲಿನ ಎರಡು ಮೂರು ತಿಂಗಳು ಪೂರ್ತಿ ಮನೆಯವರದು. ಆಗ ಏನೇನು ಬೇಕು ಅಂತ ಹುಡುಕಿದರೆ ಹತ್ತಾರು ಸಾಮಾನು ಕಾಣುತ್ತವೆ. ನಾವು ಕೆಲವನ್ನು ಕೊಂಡೆವು, ಕೆಲವನ್ನು ಮನೆಯಲ್ಲೇ ಹೊಂದಿಸಿಕೊಂಡೆವು. ಎರಡನ್ನೂ ಅಕ್ಕಪಕ್ಕ ಇಟ್ಟು ಬರೆಯುತ್ತಿದ್ದೇನೆ. ನಮ್ಮ ಕಡೆ ಈ ಆಪರೇಷನ್ ಮಾಡಿಸಿದವರು ಕಡಿಮೆ, ಕೇಳೋಣ ಅಂದರೆ ಯಾರೂ ಸಿಗುವುದಿಲ್ಲ.

ಮೊದಲ ಆಯ್ಕೆ ಆಪರೇಷನ್ನಿನದೇ. ಡಾಕ್ಟರು ಎರಡು ದಾರಿ ಹೇಳಿದ್ದರು. ಒಂದರಲ್ಲಿ ಕೀಲಿನ ಹೊರಗಡೆ ದಪ್ಪ ನೈಲಾನ್ ದಾರ ಬಿಗಿದು, ಹರಿದ ಲಿಗಮೆಂಟಿನ ಕೆಲಸವನ್ನು ಅದರಿಂದ ಮಾಡಿಸುತ್ತಾರೆ. ಇನ್ನೊಂದು ಟಿಪಿಎಲ್ಒ. ಅಮೆರಿಕದ ಪಶುವೈದ್ಯ ಬಾರ್ಕ್ಲೇ ಸ್ಲೋಕಮ್ 1993ರಲ್ಲಿ ಪ್ರಕಟಿಸಿದ ವಿಧಾನ ಇದು. ನಾಯಿಯ ಕೆಳಗಾಲಿನ ಎಲುಬಿನ ಮೇಲ್ತುದಿ ಹಿಂದಕ್ಕೆ ಇಳಿಜಾರಾಗಿರುತ್ತದೆ. ಲಿಗಮೆಂಟ್ ಹರಿದರೆ ಹೆಜ್ಜೆ ಊರಿದಾಗಲೆಲ್ಲ ಆ ಎಲುಬು ಮುಂದಕ್ಕೆ ಜಾರುತ್ತದೆ. ಟಿಪಿಎಲ್ಒದಲ್ಲಿ ಆ ತುದಿಯನ್ನು ಬಾಗಿದ ಗರಗಸದಿಂದ ಕೊಯ್ದು, ತಿರುಗಿಸಿ, ಇಳಿಜಾರು ಕಡಿಮೆ ಮಾಡಿ, ಪ್ಲೇಟು ಸ್ಕ್ರೂ ಹಾಕಿ ಕೂಡಿಸುತ್ತಾರೆ. ದಾರದ ವಿಧಾನಕ್ಕೆ ಖರ್ಚು ಕಡಿಮೆ, ಚಿಕ್ಕ ನಾಯಿಗಳಿಗೆ ಚೆನ್ನಾಗಿಯೇ ಆಗುತ್ತದೆ. ಭಾರದ ನಾಯಿಗೆ ಮಾತ್ರ ಆ ದಾರ ಸಡಿಲಾಗುವ, ಹರಿಯುವ ಭಯ ಜಾಸ್ತಿ. ನಾವು ಟಿಪಿಎಲ್ಒ ಆರಿಸಿಕೊಂಡೆವು.

ಎಲುಬು ಕೊಯ್ದ ಮೇಲೆ ಅದು ಕೂಡಲೇಬೇಕು, ಅಲ್ವಾ? ಅದಕ್ಕೆ 8ರಿಂದ 12 ವಾರ ಹಿಡಿಯುತ್ತದೆ. ಆದರೆ ನಾಯಿ ಒಂದೆರಡು ವಾರದಲ್ಲೇ ಕಾಲು ಊರಲು ಶುರು ಮಾಡುತ್ತದೆ. ನೋವು ಇಳಿದಿದೆ, ಎಲುಬು ಇನ್ನೂ ಕೂಡಿಲ್ಲ. ಓಡುತ್ತೇನೆ, ಹಾರುತ್ತೇನೆ ಅಂತ ಅದು ಅಂದುಕೊಳ್ಳುವ ಈ ಕಾಲವೇ ಅಪಾಯದ್ದು. ಹಾಗಾಗಿ ಮುಂದಿನ ಎಲ್ಲ ಸಾಮಾನಿಗೂ ನಾನು ಹಾಕಿದ ಪರೀಕ್ಷೆ ಒಂದೇ: ಇದು ಒಂದು ಜಾರುವಿಕೆಯನ್ನೋ ಒಂದು ಜಿಗಿತವನ್ನೋ ತಪ್ಪಿಸುತ್ತದಾ?

ಎಲ್ಲಿ ಇಡುವುದು

ದೊಡ್ಡ ತಂತಿ ಪಂಜರ ತಂದೆವು, 48 ಇಂಚಿನದು. ನಾಯಿ ಅದರೊಳಗೆ ಎದ್ದು ನಿಲ್ಲಬೇಕು, ಸುತ್ತು ತಿರುಗಬೇಕು. ಅದಕ್ಕಿಂತ ಚಿಕ್ಕದು ಭೀಮನಿಗೆ ಸಾಲುತ್ತಿರಲಿಲ್ಲ. ಪಂಜರದ ಒಳ್ಳೆಯ ಗುಣ ಅಂದರೆ ಅದರಲ್ಲಿ ಹಾರಲು ಆಗುವುದೇ ಇಲ್ಲ. ರಾತ್ರಿ ನಾವು ನಿಶ್ಚಿಂತೆಯಿಂದ ಮಲಗಿದೆವು. ಆದರೆ ವಿಜಯಪುರದ ಬೇಸಿಗೆ ನಿಮಗೆ ಗೊತ್ತು. ಏಪ್ರಿಲಿನಲ್ಲಿ 40 ಡಿಗ್ರಿ ದಾಟಿ ಕರೆಂಟೂ ಹೋದರೆ ಪಂಜರದೊಳಗೆ ನಾಯಿ ನಾಲಗೆ ಚಾಚಿ ತೇಕುತ್ತದೆ, ಮಲಗುವುದಿಲ್ಲ.

ಹಗಲಿಗೆ ಪಡಸಾಲೆಯ ಪಕ್ಕದ ಚಿಕ್ಕ ಕೋಣೆ ಖಾಲಿ ಮಾಡಿದೆವು. ಮಂಚ, ಕುರ್ಚಿ, ಟ್ರಂಕು ಎಲ್ಲ ಹೊರಗೆ. ಹತ್ತಲು ಏನೂ ಇರಬಾರದು, ಅದು ಮುಖ್ಯ. ಬಾಗಿಲಿಗೆ ಎದೆಯೆತ್ತರದ ಅಡ್ಡಗೇಟು. ಗಾಳಿ ಆಡುತ್ತದೆ, ಅವನಿಗೆ ನಾವು ಕಾಣುತ್ತೇವೆ, ಬೊಗಳಾಟ ಕಡಿಮೆ. ಭೀಮನಿಗೆ ಏಳು ವರ್ಷ, ಸ್ವಭಾವ ತಣ್ಣಗೆ. ಹಾಗಾಗಿ ಹಗಲು ಕೋಣೆ, ರಾತ್ರಿ ಪಂಜರ ಸರಿಹೋಯಿತು. ಎರಡು ವರ್ಷದೊಳಗಿನ ಪುಟಿಯುವ ನಾಯಿಯಾಗಿದ್ದರೆ ಕೋಣೆಯನ್ನು ನಂಬುವುದಿಲ್ಲ. ಪಂಜರ, ಅದರ ಎದುರಿಗೆ ಒಂದು ಕೂಲರ್, ಅಷ್ಟೇ.

ಮೂರನೆಯದು, ನಮ್ಮ ಕಡೆ ಎಲ್ಲರೂ ಮೊದಲು ಹೇಳುವುದು: ಸರಪಳಿ ಹಾಕಿ ಕಟ್ಟಿಬಿಡಿ. ಇದು ಬೇಡವೇ ಬೇಡ. ಗೇಟಿನ ಸದ್ದಾದರೆ ನಾಯಿ ಒಮ್ಮೆಲೇ ನುಗ್ಗುತ್ತದೆ, ಸರಪಳಿ ಬಿಗಿದು ಇಡೀ ಭಾರ ಹಿಂಗಾಲಿನ ಮೇಲೆ ತಿರುಗುತ್ತದೆ. ತಪ್ಪಿಸಬೇಕಾದದ್ದೇ ಅದು.

ನೆಲ

ಇದರ ಬಗ್ಗೆ ಜಾಸ್ತಿ ಬರೆಯುತ್ತೇನೆ, ಯಾಕಂದರೆ ಜಾಸ್ತಿ ವ್ಯತ್ಯಾಸ ಆದದ್ದು ಇಲ್ಲೇ. ನಮ್ಮ ಮನೆಯಲ್ಲಿ ಅರ್ಧ ಪಾಲಿಶ್ ಮಾಡಿದ ಶಹಾಬಾದ್ ಕಲ್ಲು, ಅರ್ಧ ಟೈಲ್ಸ್. ಎರಡೂ ತಂಪು, ಎರಡೂ ಜಾರುತ್ತವೆ. ಮೂರು ಕಾಲಿನ ಮೇಲೆ ನಿಂತ ನಾಯಿಗೆ ಇದು ಎಣ್ಣೆ ಸುರಿದ ಅಂಗಳ ಇದ್ದ ಹಾಗೆ.

ಜಮಖಾನ ಹಾಸಿದೆವು. ನೋಡಲು ಚೆಂದ, ಆದರೆ ಟೈಲ್ಸ್ ಮೇಲೆ ಜಮಖಾನವೇ ಸರಿಯುತ್ತದೆ, ನಾಯಿಯೂ ಜೊತೆಗೆ ಸರಿಯುತ್ತದೆ. ಬರಿ ನೆಲಕ್ಕಿಂತ ಇದು ಕೆಟ್ಟದ್ದು. ಕೌದಿ ಮಲಗಲು ಬಹಳ ಒಳ್ಳೆಯದು, ಮೊಣಕೈ ಉಜ್ಜುವುದಿಲ್ಲ. ನಡೆಯುವ ಜಾಗದಲ್ಲಿ ಮಾತ್ರ ಮುದ್ದೆಯಾಗಿ ಕಾಲಿಗೆ ಸಿಗುತ್ತದೆ. ಗೋಣಿಚೀಲಕ್ಕೆ ಹಿಡಿತ ಇದೆ, ಆದರೆ ಎಳೆಗೆ ಉಗುರು ಸಿಕ್ಕಿಕೊಳ್ಳುತ್ತದೆ.

ಕಾಲಿಗೆ ಹಾಕುವ ರಬ್ಬರ್ ತಳದ ಸಾಕ್ಸ್ ಕೂಡ ತರಿಸಿದೆವು. ಮೊದಲ ಹತ್ತು ನಿಮಿಷ ಹಿಡಿತ ಚೆನ್ನಾಗಿರುತ್ತದೆ. ಆಮೇಲೆ ಅದು ತಿರುಗಿ ರಬ್ಬರ್ ಮೇಲೆ ಬರುತ್ತದೆ, ಬಟ್ಟೆ ಕೆಳಗೆ ಹೋಗುತ್ತದೆ. ನಾಯಿ ಬೆವರುವುದು ಪಾದದಲ್ಲಿ, ಹಾಗಾಗಿ ಸೆಕೆಯಲ್ಲಿ ಒಳಗೆಲ್ಲ ಒದ್ದೆ. ಹೊರಗೆ ಒಂದು ಸುತ್ತು ಹೋಗಿ ಬರಲು ಸಾಕು, ದಿನವಿಡೀ ಆಗದು.

ಗೆದ್ದದ್ದು ದನದ ಕೊಟ್ಟಿಗೆಗೆ ಹಾಸುವ ರಬ್ಬರ್ ಮ್ಯಾಟ್. ಹೈನುಗಾರಿಕೆಯ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಎಮ್ಮೆಯ ಭಾರವನ್ನೇ ತಡೆಯುವಂಥದ್ದು, 38 ಕೆಜಿ ಅದಕ್ಕೆ ಯಾವ ಲೆಕ್ಕ? ಮೇಲ್ಗಡೆ ಗುಬ್ಬಿಗಳಿವೆ, ಭಾರ ಇರುವುದರಿಂದ ಒಂದಿಂಚೂ ಸರಿಯುವುದಿಲ್ಲ, ಉಚ್ಚೆ ಹೊಯ್ದರೆ ನೀರು ಹಾಕಿ ತೊಳೆದರಾಯಿತು. ಹೊಸದಕ್ಕೆ ರಬ್ಬರ್ ವಾಸನೆ ಇರುತ್ತದೆ, ನಾಲ್ಕು ದಿನ ಬಿಸಿಲಿಗೆ ಒಡ್ಡಿ. ಕೋಣೆಯಿಂದ ಹಿತ್ತಲಿನವರೆಗೆ ಒಂದು ದಾರಿಯ ಹಾಗೆ ಹಾಸಿದೆವು. ಹಾಸಿದ ದಿನವೇ ಭೀಮ ತಲೆ ಎತ್ತಿ ನಡೆದ. ಅಲ್ಲಿಯವರೆಗೆ ನೆಲ ನೋಡುತ್ತಾ, ಗೋಡೆಗೆ ಆತು ನಡೆಯುತ್ತಿದ್ದ. ಅವನಿಗಿದ್ದ ಹೆದರಿಕೆ ಎಷ್ಟೆಂದು ಆಗ ನಮಗೆ ತಿಳಿಯಿತು. ಪಾದದ ಗದ್ದುಗೆಗಳ ನಡುವೆ ಬೆಳೆದ ಕೂದಲನ್ನೂ ಕತ್ತರಿಸಿ, ಉಗುರು ಕತ್ತರಿಸಿ. ಇದಕ್ಕೆ ಖರ್ಚೇ ಇಲ್ಲ.

ಎತ್ತಿ ನಡೆಸಲು

ಮೊದಲ ವಾರ ಹಿಂಭಾಗಕ್ಕೆ ಆಧಾರ ಬೇಕೇ ಬೇಕು. ಅವ್ವನ ಹಳೆಯ ಇಳಕಲ್ ಸೀರೆಯನ್ನು ಉದ್ದಕ್ಕೆ ನಾಲ್ಕು ಮಡಿಕೆ ಮಾಡಿ, ಹೊಟ್ಟೆಯ ಕೆಳಗೆ, ಹಿಂಗಾಲಿನ ಮುಂದೆ ತೂರಿಸಿ ಎರಡೂ ತುದಿ ಹಿಡಿದೆವು. ಅಗಲ ಇರುವುದರಿಂದ ಒತ್ತುವುದಿಲ್ಲ, ಉಜ್ಜುವುದಿಲ್ಲ. ಗಂಡು ನಾಯಿ ಉಚ್ಚೆ ಹೊಯ್ದಾಗ ಒದ್ದೆ ಆಗಿಯೇ ಆಗುತ್ತದೆ, ಆದರೆ ಒಗೆದು ಹಾಕಿದರೆ ನಮ್ಮ ಬಿಸಿಲಿಗೆ ಗಂಟೆಯೊಳಗೆ ಒಣಗುತ್ತದೆ.

ಕೊಂಡ ಬೆಲ್ಟಿಗೆ ಎರಡು ಹಿಡಿಕೆ ಇವೆ, ಸೊಂಟ ಬಗ್ಗಿಸಬೇಕಾಗಿಲ್ಲ. ಎತ್ತರದವರಿಗೆ, ಬೆನ್ನುನೋವು ಇರುವವರಿಗೆ ಇದು ದೊಡ್ಡ ಉಪಕಾರ. ಕಾರಿಗೆ ಹತ್ತಿಸುವಾಗಲೂ ಹಿಡಿತ ಗಟ್ಟಿ. ಆದರೆ ತೊಡೆಗೆ ಸುತ್ತುವ ಪಟ್ಟಿ ಹೊಲಿಗೆಯ ಹತ್ತಿರವೇ ಬರುತ್ತದೆ. ಹೊಲಿಗೆ ಬಿಚ್ಚುವವರೆಗೆ, ಅಂದರೆ 10ರಿಂದ 14 ದಿನ, ನಾನು ಸೀರೆಯನ್ನೇ ಹೇಳುತ್ತೇನೆ. ಆಮೇಲೆ ಬೆಲ್ಟು. ಯಾವುದೇ ಇರಲಿ, ಹಿಂಭಾಗವನ್ನು ಪೂರ್ತಿ ಎತ್ತಬಾರದು. ಜಾರಿದರೆ ಹಿಡಿಯುವಷ್ಟು ಆಧಾರ ಸಾಕು. ಪೂರ್ತಿ ಎತ್ತಿದರೆ ನಾಯಿ ಆ ಕಾಲು ಊರುವುದನ್ನೇ ಬಿಡುತ್ತದೆ. ಕೊರಳಿನ ಹಗ್ಗಕ್ಕೆ ಒಬ್ಬರು, ಸೀರೆಗೆ ಒಬ್ಬರು ಇದ್ದರೆ ಒಳ್ಳೆಯದು.

ಸಣ್ಣ ಪುಟ್ಟವು

ಹೊಲಿಗೆ ನೆಕ್ಕದಂತೆ ತಲೆಯ ಸುತ್ತ ಹಾಕುವ, ಆಲಿಕೆಯಂಥ ಪ್ಲಾಸ್ಟಿಕ್ ಕೊಳವೆಗೂ ಗಾಳಿ ತುಂಬುವ ಕೊರಳಪಟ್ಟಿಗೂ ಹೋಲಿಸಿದರೆ ಕೊಳವೆಯೇ ಮೇಲು. ಉದ್ದ ಮೂತಿಯ ದೊಡ್ಡ ನಾಯಿ ಗಾಳಿಪಟ್ಟಿ ಇದ್ದರೂ ಮೊಣಕಾಲು ಮುಟ್ಟುತ್ತದೆ. ತಣ್ಣನೆ ಶಾಖಕ್ಕೆ ಜೆಲ್ ಪ್ಯಾಕಿಗಿಂತ ಫ್ರೀಜರಿನ ಬಟಾಣಿ ಪೊಟ್ಟಣ ಮೊಣಕಾಲಿಗೆ ಚೆನ್ನಾಗಿ ಸುತ್ತಿಕೊಳ್ಳುತ್ತದೆ. ನಡುವೆ ಬಟ್ಟೆ ಇಟ್ಟು ಮೊದಲ ಮೂರು ದಿನ 10–15 ನಿಮಿಷದಂತೆ ಇಡಬೇಕು. ನೋವಿನ ಮಾತ್ರೆಯಲ್ಲಿ ಮಾತ್ರ ಹೋಲಿಕೆಗೆ ಜಾಗವೇ ಇಲ್ಲ. ಪಶುವೈದ್ಯರು ಬರೆದದ್ದನ್ನು ಊಟದ ಜೊತೆ ಕೊಡಿ. ಮನೆಯಲ್ಲಿರುವ ಐಬುಪ್ರೊಫೆನ್, ಡಿಕ್ಲೋಫೆನಾಕ್ ನಾಯಿಯ ಹೊಟ್ಟೆ ಮತ್ತು ಕಿಡ್ನಿ ಕೆಡಿಸುತ್ತವೆ.

ಓಡಾಟ ನಿಂತಾಗ ತೂಕ ಏರುತ್ತದೆ. ರೊಟ್ಟಿ ಕಡಿಮೆ ಮಾಡಿದೆವು, ಬಿಸ್ಕತ್ತಿನ ಬದಲು ಸೌತೆಕಾಯಿ, ಗಜ್ಜರಿ ಕೊಟ್ಟೆವು. ನಮ್ಮ ಜಿಲ್ಲೆಯವರಿಗೆ ಒಂದು ಮಾತು ಒತ್ತಿ ಹೇಳಬೇಕು. ಮನೆಮನೆಯಲ್ಲೂ ದ್ರಾಕ್ಷಿ, ಒಣದ್ರಾಕ್ಷಿ ಇರುತ್ತದೆ. ಅವನ್ನು ನಾಯಿಗೆ ಒಂದೂ ಕೊಡಬೇಡಿ. ಕಿಡ್ನಿಯೇ ನಿಂತುಹೋಗಬಹುದು.

ನೀರೋ, ನಡಿಗೆಯೋ

ಈಜು ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ನೀರು ಭಾರ ಹೊರುತ್ತದೆ, ಕೀಲು ಸಲೀಸಾಗಿ ಆಡುತ್ತದೆ. ಆದರೆ ಗಾಯ ಪೂರ್ತಿ ಮಾಯುವವರೆಗೆ ನೀರು ಮುಟ್ಟಿಸುವಂತಿಲ್ಲ. ನಮಗೆ 8 ವಾರದ ಎಕ್ಸ್‌ರೇ ನೋಡಿದ ಮೇಲೆಯೇ ಬಿಟ್ಟರು. ತಿಕೋಟಾ ಕಡೆಯ ನೆಂಟರ ಹೊಲದಲ್ಲಿ ಕೃಷಿ ಹೊಂಡ ಇತ್ತು, ಅಲ್ಲಿ ಇಳಿಸಲಿಲ್ಲ. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಎಷ್ಟು ನುಣುಪು ಅಂದರೆ ಗಟ್ಟಿ ನಾಯಿಯೂ ಹತ್ತಿ ಬರಲಾರದು. ಪಕ್ಕದ ಮೆಟ್ಟಿಲಿರುವ ಸಿಮೆಂಟ್ ತೊಟ್ಟಿಯಲ್ಲಿ ಹೊಟ್ಟೆಮಟ್ಟ ನೀರು ಬಿಟ್ಟು ನಡೆಸಿದೆವು. ಭೀಮನಿಗೆ ಬಹಳ ಖುಷಿ. ತೊಂದರೆ ಬಂದದ್ದು ಆ ಖುಷಿಯಿಂದಲೇ. ಹೊರಗೆ ಬಂದವನೇ ಮೈ ಕೊಡವಿ ಓಡಲು ನೋಡುತ್ತಾನೆ.

ನಿಧಾನ ನಡಿಗೆಗೆ ಏನೂ ಬೇಡ, ಗಿಡ್ಡ ಹಗ್ಗ ಒಂದು ಸಾಕು. ಮೊದಲು ಐದು ನಿಮಿಷ, ಡಾಕ್ಟರು ಒಪ್ಪಿದಂತೆ ವಾರಕ್ಕೆ ಐದು ನಿಮಿಷ ಏರಿಸುತ್ತಾ ಹೋದೆವು. ಗುಟ್ಟು ಇರುವುದು ವೇಗದಲ್ಲಿ. ಬೇಗ ನಡೆದರೆ ನಾಯಿ ನೋವಿನ ಕಾಲು ಎತ್ತಿಕೊಂಡು ಮೂರರಲ್ಲಿ ಸಾಗುತ್ತದೆ. ತೀರಾ ನಿಧಾನ ನಡೆದರೆ ನಾಲ್ಕನ್ನೂ ಊರಲೇಬೇಕು. ತೊಡೆಯ ಮಾಂಸ ಮತ್ತೆ ತುಂಬಿಕೊಂಡದ್ದು ಇದರಿಂದ, ನನಗೆ ಅನುಮಾನವಿಲ್ಲ. ಎಂಟಕ್ಕೆಲ್ಲ ಡಾಂಬರು ಕಾಯುವುದರಿಂದ ಬೆಳಕು ಹರಿಯುವ ಮೊದಲೇ ಹೊರಡುತ್ತಿದ್ದೆವು. ಗೋಳಗುಮ್ಮಟದ ಕಡೆಯ ರಸ್ತೆ ಅಗಲ, ಸಮತಟ್ಟು, ಆದರೆ ಬೀದಿನಾಯಿಗಳ ಹಿಂಡು ಇತ್ತು. ಅವು ಬೊಗಳಿದರೆ ಇವನು ಎಗರುತ್ತಾನೆ. ಹಾಗಾಗಿ ಗೇಟಿರುವ ಲೇಔಟಿನೊಳಗೆ ಸುತ್ತು ಹಾಕಿದೆವು. ಎರಡರಲ್ಲಿ ಒಂದನ್ನೇ ಆರಿಸು ಅಂದರೆ ನಡಿಗೆಯನ್ನೇ ಆರಿಸುತ್ತೇನೆ.

ಎಕ್ಸ್‌ರೇಯಲ್ಲಿ ಎಲುಬು ಕೂಡಿದ್ದು ಕಂಡಿತು. ಆದರೆ ಈ ರೋಗದಲ್ಲಿ ಲಿಗಮೆಂಟ್ ಮೆಲ್ಲಗೆ ಸವೆದು ಹರಿಯುವುದೇ ಜಾಸ್ತಿ. ಒಂದು ಮೊಣಕಾಲು ಹೋದ ನಾಯಿಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಇನ್ನೊಂದೂ ಹೋಗುತ್ತದೆ. ಹಾಗಾಗಿ ರಬ್ಬರ್ ಮ್ಯಾಟ್ ತೆಗೆದಿಲ್ಲ. ಸೋಫಾ ಹತ್ತಲು ಬಿಡುವುದಿಲ್ಲ, ಕಾರಿಗೆ ಹಲಗೆ ಇಟ್ಟು ಹತ್ತಿಸುತ್ತೇವೆ. ತೂಕ ಈಗ 34 ಕೆಜಿ. ಇನ್ನೂ ಎರಡು ಇಳಿಯಲಿ ಅಂದಿದ್ದಾರೆ, ಇಳಿಸುತ್ತಿದ್ದೇವೆ.