ಲೈಟ್ ಹೊಡೆದರೆ ‘ಬಾ’ ಅಂತಲೋ, ‘ನಿಲ್ಲು’ ಅಂತಲೋ?

ಜರ್ಮನಿಯಲ್ಲಿ ಮೂರು ವರ್ಷ ಕಾರು ಓಡಿಸಿ ಗಂಗಾವತಿಗೆ ವಾಪಸ್ ಬಂದ ಮೊದಲ ವಾರ ಅದು. ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರಟಗಿ ಕಡೆಯ ಒಂದು ಹಳ್ಳಿಗೆ ಹೊರಟಿದ್ದೆ. ದಾರಿಯಲ್ಲಿ ಕಾಲುವೆಗೆ ಒಂದು ಸಣ್ಣ ಸೇತುವೆ. ಒಂದು ಸಲಕ್ಕೆ ಒಂದೇ ಗಾಡಿ ಹೋಗುವಷ್ಟು ಅಗಲ. ಆ ತುದಿಯಲ್ಲಿ ಭತ್ತದ ಲಾರಿ ಕಾಣಿಸಿತು. ಡ್ರೈವರ್ ಎರಡು ಸಲ ಲೈಟ್ ಹೊಡೆದ. ನಾನು ಕೈಯೆತ್ತಿ ಥ್ಯಾಂಕ್ಸ್ ಹೇಳಿ ಸೇತುವೆ ಮೇಲೆ ಕಾರು ಬಿಟ್ಟೆ. ಅವನೂ ಬಂದ. ನಟ್ಟನಡುವೆ ಇಬ್ಬರೂ ಬ್ರೇಕ್ ಒತ್ತಿದಾಗ ಲಾರಿಯ ಬಂಪರ್ ನಮ್ಮ ಗಾಜಿಗೆ ಅಂಟಿದಂತೆ ಕಾಣುತ್ತಿತ್ತು.

“ಲೈಟ್ ಹೊಡದ್ನಲ್ಲೋ, ಕಾಣ್ಲಿಲ್ಲೇನು?” ಅಂದರು ಅಪ್ಪ.

ಕಂಡಿತ್ತು. ಕಂಡಿದ್ದಕ್ಕೇ ಹೋಗಿದ್ದೆ. ಜರ್ಮನಿಯಲ್ಲಿ ಎದುರಿನವರು ಲೈಟ್ ಮಿಣುಕಿಸಿದರೆ ‘ನೀವು ಬನ್ನಿ, ನಾನು ನಿಂತಿದ್ದೇನೆ’ ಅಂತ. ಅಲ್ಲಿನ ಕಾನೂನಿನಲ್ಲಿ ಅದು ಅಪಾಯದ ಎಚ್ಚರಿಕೆ ಕೊಡಲು ಇರುವ ಸನ್ನೆ, ಆದರೆ ರೂಢಿ ಹೀಗಾಗಿದೆ. ನಮ್ಮಲ್ಲಿ ಅದೇ ಲೈಟ್‌ಗೆ ‘ನಾನು ಬರ್ತಿದ್ದೀನಿ, ನೀನು ನಿಲ್ಲು’ ಅಂತ ಅರ್ಥ. ಪೂರಾ ಉಲ್ಟಾ. ಹುಟ್ಟಿದಾಗಿನಿಂದ ಗೊತ್ತಿದ್ದ ಮಾತು ಮೂರು ವರ್ಷದಲ್ಲಿ ಮರೆತುಹೋಗಿತ್ತು. ಕಾರು ಹಿಂದಕ್ಕೆ ತೆಗೆದುಕೊಂಡೆ. ಲಾರಿಯವನು ದಾಟುವಾಗ ಸಿಟ್ಟಾಗಲಿಲ್ಲ, ಕೈಯೆತ್ತಿ ಹೋದ.

ಎರಡು ದೇಶದ ರಸ್ತೆಗಳ ವ್ಯತ್ಯಾಸ ಕೇಳಿದರೆ ಎಲ್ಲರೂ ಮೊದಲು ಎಡ-ಬಲದ ಮಾತು ಎತ್ತುತ್ತಾರೆ. ನಾವು ಎಡಕ್ಕೆ, ಅವರು ಬಲಕ್ಕೆ. ನನಗೆ ಅದು ಒಂದು ವಾರದ ಕಷ್ಟ ಅಷ್ಟೇ. ನಿಜವಾಗಿ ಬೇರೆಯಾಗಿರುವುದು, ಯಾರು ಯಾರಿಗೆ ದಾರಿ ಬಿಡಬೇಕು ಅನ್ನುವ ವಿಷಯ. ಅಲ್ಲಿ ಅಂಥದೇ ಸಣ್ಣ ಸೇತುವೆ ಇದ್ದರೆ ಎರಡೂ ತುದಿಗೆ ಬೋರ್ಡ್ ಇರುತ್ತದೆ. ಒಂದು ಕಡೆ ದುಂಡನೆಯ ಬೋರ್ಡ್, ಅದರಲ್ಲಿ ನಾವು ಹೋಗುವ ದಿಕ್ಕಿನ ಬಾಣ ಕೆಂಪು: ನೀವು ನಿಲ್ಲಿ. ಇನ್ನೊಂದು ಕಡೆ ನೀಲಿ ಚೌಕ, ನಮ್ಮ ಬಾಣ ದಪ್ಪಗೆ ಬಿಳಿ: ನೀವು ಹೋಗಿ. ಸೇತುವೆಗೆ ಬರುವ ಮೊದಲೇ ಯಾರ ಸರದಿ ಅನ್ನುವುದು ತೀರ್ಮಾನವಾಗಿರುತ್ತದೆ. ನಮ್ಮಲ್ಲಿ ಅದು ಪ್ರತಿ ಸಲ ಸೇತುವೆಯ ಹತ್ತಿರವೇ ತೀರ್ಮಾನವಾಗಬೇಕು. ಎದುರಿನವನ ಗಾಡಿ ಎಷ್ಟು ದೊಡ್ಡದು, ಎಷ್ಟು ಹತ್ತಿರ ಬಂದಿದ್ದಾನೆ, ಮೊದಲು ಲೈಟ್ ಹೊಡೆದವರು ಯಾರು, ಎಲ್ಲ ನೋಡಿ.

2021ರಲ್ಲಿ ಸ್ಟುಟ್‌ಗಾರ್ಟ್‌ಗೆ ಹೋದಾಗ ನನ್ನ ಹತ್ತಿರ ಇದ್ದದ್ದು ಊರಿನ ಲೈಸೆನ್ಸ್. ಅಲ್ಲಿ ನೆಲೆಸಿದ ಮೇಲೆ ಅದು ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ನಮ್ಮ ದೇಶದವರು ಲಿಖಿತ ಪರೀಕ್ಷೆಯನ್ನೂ ಓಡಿಸುವ ಪರೀಕ್ಷೆಯನ್ನೂ ಹೊಸದಾಗಿ ಕೊಡಬೇಕು. ಲಿಖಿತ ಪರೀಕ್ಷೆಯಲ್ಲಿ 30 ಪ್ರಶ್ನೆ. ಅದನ್ನು ಇಂಗ್ಲಿಷಿನಲ್ಲಿ ಬರೆಯಬಹುದು, ಓದಿದರೆ ಪಾಸಾಗಬಹುದು. ಓಡಿಸುವ ಪರೀಕ್ಷೆ ಮಾತ್ರ ಸುಮಾರು 55 ನಿಮಿಷ. ನಾನು ಮೊದಲ ಸಲ ಫೇಲ್ ಆದೆ.

ಯಾಕೆ ಅಂತ ಹೇಳಬೇಕು. ಮನೆಗಳಿರುವ ಒಂದು ಬೀದಿ, ವೇಗಕ್ಕೆ ಗಂಟೆಗೆ 30ರ ಮಿತಿ. ನಾನು ಅಗಲವಾದ ರಸ್ತೆಯಲ್ಲಿ ನೇರವಾಗಿ ಹೋಗುತ್ತಿದ್ದೆ. ಬಲಗಡೆ ಒಂದು ಸಂದಿ. ಅಲ್ಲಿಂದ ಪುಟ್ಟ ಕಾರೊಂದು ಬರುತ್ತಿತ್ತು. ನಾನಿರುವುದು ದೊಡ್ಡ ರಸ್ತೆ, ಅದನ್ನು ಓಡಿಸುತ್ತಿದ್ದವಳು ನಿಲ್ಲುತ್ತಾಳೆ ಅಂದುಕೊಂಡೆ. ಕಲಿಸುವ ಮೇಷ್ಟ್ರು ತಮ್ಮ ಕಡೆಯ ಬ್ರೇಕ್ ಒತ್ತಿಬಿಟ್ಟರು. ಪರೀಕ್ಷೆ ಅಲ್ಲಿಗೇ ಮುಗಿಯಿತು. ಬೋರ್ಡ್ ಇಲ್ಲದ, ಸಿಗ್ನಲ್ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು. ಬರುವ ದಾರಿ ಸಂದಿಯಾದರೂ ಅಷ್ಟೇ, ಗಾಡಿ ಸೈಕಲ್ ಆದರೂ ಅಷ್ಟೇ.

ಆಮೇಲೆ ನಮ್ಮ ನಿಯಮ ತೆಗೆದು ಓದಿದೆ. ಮುಖ್ಯರಸ್ತೆ ಅಂತ ಗುರುತಿಲ್ಲದ ಕಡೆ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು ಅಂತ ನಮ್ಮಲ್ಲೂ ಇದೆ! ನನಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಕಾರು ಕಲಿತದ್ದು ಸೋದರಮಾವನ ಹತ್ತಿರ, ಊರಾಚೆ ಬಯಲಲ್ಲಿ. ಕ್ಲಚ್ ಬಿಡುವುದು, ಗೇರ್ ಹಾಕುವುದು, ರಿವರ್ಸ್ ತೆಗೆಯುವುದು ಚೆನ್ನಾಗಿ ಕಲಿಸಿದರು. ದಾರಿ ಬಿಡುವುದನ್ನು ಒಂದು ಪಾಠ ಅಂತ ಅವರಿಗೂ ಯಾರೂ ಕಲಿಸಿರಲಿಲ್ಲ. ನಮ್ಮಲ್ಲಿ ದೊಡ್ಡ ಗಾಡಿ ಮೊದಲು ಹೋಗುತ್ತದೆ, ಬಸ್ಸಿಗೆ ಕಾರು ಬಿಡುತ್ತದೆ, ಕಾರಿಗೆ ಬೈಕು ಬಿಡುತ್ತದೆ, ನಡೆಯುವವರು ಎಲ್ಲರಿಗೂ ಬಿಡುತ್ತಾರೆ. ಜರ್ಮನಿಯಲ್ಲಿ ಜೀಬ್ರಾ ಪಟ್ಟಿಯ ಹತ್ತಿರ ಒಬ್ಬ ಅಜ್ಜಿ ಬಂದು ನಿಂತರೆ ಸಾಕು, ಲಾರಿಯೂ ನಿಲ್ಲುತ್ತದೆ. ಅದನ್ನು ಮೊದಲ ಸಲ ನೋಡಿದ ದಿನ ನನಗೆ ನಮ್ಮಜ್ಜಿಯ ನೆನಪು ತುಂಬಾ ಬಂತು. ಸಂತೆಗೆ ಹೋದಾಗ ರಸ್ತೆ ದಾಟಲು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದಳು.

ಹಾಗಂತ ನಮ್ಮ ರೂಢಿಯನ್ನು ಸುಮ್ನೆ ಬೈಯಲು ನನಗೆ ಮನಸ್ಸಿಲ್ಲ. ಹಾರ್ನ್ ವಿಷಯವನ್ನೇ ತೆಗೆದುಕೊಳ್ಳಿ. ಅಲ್ಲಿ ಹಾರ್ನ್ ಹೊಡೆದರೆ ಬೈದಂತೆ. ಮೂರು ವರ್ಷದಲ್ಲಿ ನಾನು ಹೊಡೆದದ್ದು ಬೆರಳೆಣಿಕೆಯಷ್ಟು ಸಲ. ಇಲ್ಲಿ ಹಾರ್ನ್ ಅಂದರೆ ‘ನಿನ್ನ ಹಿಂದೆ ನಾನಿದ್ದೀನಿ’ ಅಂತ ತಿಳಿಸುವ ಮಾತು. ಕುಷ್ಟಗಿ ಕಡೆ ಕುರಿಮಂದೆ ರಸ್ತೆಗೆ ಬಂದಾಗ ದೂರದಿಂದಲೇ ಸಣ್ಣಗೆ ಒಂದು ಹಾರ್ನ್ ಕೊಟ್ಟರೆ ಕುರಿಗಾರ ತಿರುಗಿ ನೋಡದೆಯೇ ಸಿಳ್ಳೆ ಹಾಕುತ್ತಾನೆ. ಮಂದೆ ಒಂದು ಪಕ್ಕಕ್ಕೆ ಸರಿಯುತ್ತದೆ. ಲಾರಿ ಹಿಂದೆ ಸಿಕ್ಕಿಕೊಂಡರೂ ಹೀಗೆಯೇ. ಡ್ರೈವರ್ ಕೈ ಹೊರಗೆ ಚಾಚಿ ‘ಬಾ ಬಾ’ ಅಂತಾನೆ, ಇಲ್ಲವೇ ಅಂಗೈ ತೋರಿಸಿ ತಡೆಯುತ್ತಾನೆ. ಮುಂದೆ ಏನು ಬರುತ್ತಿದೆ ಅನ್ನುವುದು ಅವನಿಗೆ ಕಾಣುತ್ತದೆ, ನನಗೆ ಕಾಣುವುದಿಲ್ಲ. ನನ್ನ ಜೀವವನ್ನು ಅವನು ನೋಡಿಕೊಳ್ಳುತ್ತಿರುತ್ತಾನೆ. ಇಂಥ ಸಹಾಯ ನನಗೆ ಜರ್ಮನಿಯ ದೊಡ್ಡ ಹೆದ್ದಾರಿ ಆಟೋಬಾನ್‌ನಲ್ಲಿ ಸಿಗಲಿಲ್ಲ, ಬೇಕಾಗಲೂ ಇಲ್ಲ.

ಆಟೋಬಾನ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಹೌದು, ಎಷ್ಟೋ ಕಡೆ ವೇಗಕ್ಕೆ ಮಿತಿಯಿಲ್ಲ. ಗಂಟೆಗೆ 130 ಸಾಕು ಅನ್ನುವ ಸಲಹೆ ಮಾತ್ರ ಇದೆ. ಆದರೆ ಅಲ್ಲಿ ನೆಮ್ಮದಿ ಕೊಡುವುದು, ಬಲಗಡೆಯ ಲೇನ್‌ನಲ್ಲಿ ಹೋಗಬೇಕು, ಎಡಗಡೆಯಿಂದ ಮಾತ್ರ ಹಿಂದಿಕ್ಕಬೇಕು ಅನ್ನುವ ಕಟ್ಟು. ನಮ್ಮ ಕುಷ್ಟಗಿ–ಹೊಸಪೇಟೆ ನಡುವಿನ 50ನೇ ಹೆದ್ದಾರಿಯಲ್ಲಿ ಲಾರಿಗಳು ಒಳಗಿನ, ಅಂದರೆ ಡಿವೈಡರ್ ಪಕ್ಕದ ಲೇನ್ ಬಿಡುವುದೇ ಇಲ್ಲ. ಮೊದಲು ಸಿಟ್ಟು ಬರುತ್ತಿತ್ತು. ಈಗ ಅರ್ಥವಾಗುತ್ತದೆ: ಹೊರಗಿನ ಲೇನ್‌ನಲ್ಲಿ ಟ್ರ್ಯಾಕ್ಟರ್, ನಿಂತ ಆಟೋ, ಎದುರಿನಿಂದಲೇ ಬರುವ ಬೈಕು, ಎಲ್ಲ ಇರುತ್ತವೆ.

ಆಂಬುಲೆನ್ಸ್ ವಿಷಯದಲ್ಲಿ ಮಾತ್ರ ನಾವು ಅವರಿಂದ ಕಲಿಯಲೇಬೇಕು. ಅಲ್ಲಿ ಹೆದ್ದಾರಿಯಲ್ಲಿ ಗಾಡಿಗಳು ನಿಧಾನವಾದ ಕೂಡಲೇ ಎಡ ಲೇನಿನವರು ಪೂರ್ತಿ ಎಡಕ್ಕೆ ಸರಿಯುತ್ತಾರೆ, ಉಳಿದವರೆಲ್ಲ ಬಲಕ್ಕೆ. ನಡುವೆ ಒಂದು ದಾರಿ ತೆರೆದುಕೊಳ್ಳುತ್ತದೆ. ರೆಟ್ಟುಂಗ್ಸ್‌ಗಾಸ್ಸೆ ಅನ್ನುತ್ತಾರೆ, ಅಂದರೆ ಕಾಪಾಡುವ ಓಣಿ. ಸೈರನ್ ಕೇಳುವ ಮೊದಲೇ ಅದು ತಯಾರಿರಬೇಕು. ಮಾಡದಿದ್ದರೆ 200 ಯೂರೋದಿಂದ ಶುರುವಾಗುವ ದಂಡ. ನಮ್ಮಲ್ಲೂ 2019ರ ತಿದ್ದುಪಡಿಯ ನಂತರ ಆಂಬುಲೆನ್ಸ್‌ಗೆ ದಾರಿ ಬಿಡದಿದ್ದರೆ 10,000 ರೂಪಾಯಿ ದಂಡವಿದೆ. ಮನಸ್ಸೂ ಇದೆ, 108 ಬಂತೆಂದರೆ ಹುಡುಗರು ಬೈಕ್ ನಿಲ್ಲಿಸಿ ಓಡಿ ಹೋಗಿ ದಾರಿ ಬಿಡಿಸುತ್ತಾರೆ. ಆದರೆ ಸೈರನ್ ಕೇಳಿದ ಮೇಲೆ ಸರಿಯಲು ಜಾಗವೇ ಉಳಿದಿರುವುದಿಲ್ಲ. ಸಿಂಧನೂರಿನಿಂದ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಹೋಗುವ ಪ್ರತಿ ರೋಗಿಗೂ ಆ ಹೊತ್ತು ಬೇಕಲ್ವಾ?

ಇನ್ನು ರಾತ್ರಿ. ಹಗಲಲ್ಲಿ ನಮ್ಮ ರಸ್ತೆ ನಡೆಯುವುದು ಮುಖ ನೋಡಿ, ಕೈ ನೋಡಿ. ಕತ್ತಲಾದ ಮೇಲೆ ಮುಖವೂ ಇಲ್ಲ, ಕೈಯೂ ಇಲ್ಲ. ಎದುರಿನ ಹೈಬೀಮ್ ಕಣ್ಣಿಗೆ ಹೊಡೆಯುತ್ತದೆ. ಸುಗ್ಗಿ ಕಾಲದಲ್ಲಿ ಗಂಗಾವತಿಯಿಂದ ಸಿಂಧನೂರಿನ ತನಕ ಅರ್ಧ ರಸ್ತೆಗೆ ಭತ್ತ ಹರವಿ, ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಭತ್ತ ಒಣಗಿಸಲು ರೈತರಿಗೆ ಬೇರೆ ಕಣವಿಲ್ಲ, ನಮ್ಮ ಮನೆಯವರೂ ಹಾಗೇ ಮಾಡಿದವರು. ಆದರೆ ಆ ಕಲ್ಲು ರಾತ್ರಿ ಬೈಕಿನವನಿಗೆ ಕಾಣುವುದಿಲ್ಲ. ಹಿಂದೆ ಲೈಟ್ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್ ಅಂತೂ ಹತ್ತಿರ ಹೋಗುವ ತನಕ ಕತ್ತಲೇ. ಕೆಟ್ಟು ನಿಂತ ಲಾರಿಯ ಹಿಂದೆ ಮರದ ಟೊಂಗೆ, ಕಲ್ಲು. ಲಾರಿ ಹೋದ ಮೇಲೂ ಕಲ್ಲು ಅಲ್ಲೇ. ಜರ್ಮನಿಯಲ್ಲಿ ಪ್ರತಿ ಕಾರಿನಲ್ಲೂ ಹೊಳೆಯುವ ತ್ರಿಕೋನ, ಹೊಳೆಯುವ ಜಾಕೆಟ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಲೇಬೇಕು. ಹೊಸದಾಗಿ ಲೈಸೆನ್ಸ್ ಪಡೆಯುವವರು ಪ್ರಥಮ ಚಿಕಿತ್ಸೆಯ ತರಬೇತಿಯನ್ನೂ ಮುಗಿಸಿರಬೇಕು. ರಾತ್ರಿ ಓಡಿಸಲು ಯಾವ ದೇಶ ಅಂತ ಕೇಳಿದರೆ ನಾನು ಯೋಚಿಸದೆ ಆ ದೇಶದ ಹೆಸರು ಹೇಳುತ್ತೇನೆ.

ಸೇತುವೆಯ ಘಟನೆ ಆದ ಮುಂದಿನ ಭಾನುವಾರ ಪೇಟೆಯಿಂದ ರೇಡಿಯಂ ಪಟ್ಟಿಯ ದೊಡ್ಡ ಸುರುಳಿ ತಂದೆ. ಮೊದಲು ನಮ್ಮ ಟ್ರೇಲರ್‌ಗೆ ಹಚ್ಚಿದೆವು, ಹಿಂದೆ ಕೆಂಪು, ಪಕ್ಕಕ್ಕೆ ಹಳದಿ. ಅಪ್ಪ ರಾತ್ರಿ ಊಟ ಆದ ಮೇಲೆ ಬೈಕ್ ತೆಗೆದುಕೊಂಡು ದೂರ ಹೋಗಿ, ಲೈಟ್ ಬಿಟ್ಟು ನೋಡಿ ಬಂದರು. “ಅಗಸಿ ಹತ್ರದಿಂದನ ಕಾಣಸ್ತದ” ಅಂದರು. ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಕಾಕಾ ತಮ್ಮ ಟ್ರೇಲರ್ ತಂದು ನಮ್ಮ ಅಂಗಳದಲ್ಲಿ ನಿಲ್ಲಿಸಿದರು. ಸುರುಳಿಯಲ್ಲಿ ಇನ್ನೂ ಪಟ್ಟಿ ಉಳಿದಿತ್ತು.