ಸೈಕಲ್ ಎಂಜಿನ್ನಿನ ಹೆಡ್ ಲೀಕ್: ಅಲ್ಯೂಮಿನಿಯಂ, ಪೇಸ್ಟ್, ತಾಮ್ರ ಮೂರನ್ನೂ ಹಾಕಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ತಾಮ್ರದ ಪ್ಯಾಕಿಂಗ್‌ಗೆ. ಇಲ್ಲಿ ಪ್ಯಾಕಿಂಗ್ ಅಂದರೆ ಸಿಲಿಂಡರಿಗೂ ಅದರ ಮೇಲಿನ ಮುಚ್ಚಳಕ್ಕೂ (ಅದೇ ಹೆಡ್) ನಡುವೆ ಸೋರದ ಹಾಗೆ ಹಾಕುವ ತೆಳು ತಗಡು. ಅಲ್ಯೂಮಿನಿಯಂ ಹಾಕಿದ್ದೇನೆ, ಬರೀ ಪೇಸ್ಟ್ ಬಳಿದೂ ನೋಡಿದ್ದೇನೆ. ಈಗ ಎಂಟು ತಿಂಗಳಿಂದ ಹೆಡ್ ಅಡಿಯಲ್ಲಿ ಕೂತಿರುವುದು ತಾಮ್ರ. ಹಾಗಂತ ತಾಮ್ರ ಹಾಕಿದ ಕೂಡಲೇ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಅದೂ ಮೊದಲ ದಿನವೇ ಸೋರಿತ್ತು. ಯಾಕೆ ಸೋರಿತು ಅನ್ನುವುದನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕು.

ನಮ್ಮದು ತಿಪಟೂರು ಕಡೆಯ ತೆಂಗಿನ ತೋಟ. ಅಪ್ಪನ ಹಳೆ ಸೈಕಲ್ಲಿಗೆ ಆನ್‌ಲೈನಲ್ಲಿ ತರಿಸಿದ ಟೂ ಸ್ಟ್ರೋಕ್ ಕಿಟ್ ಕೂರಿಸಿದ್ದೇನೆ. ಮನೆಯಿಂದ ಪಂಪ್‌ಸೆಟ್‌ವರೆಗೆ, ಅಲ್ಲಿಂದ ಕೊನೆಯ ಸಾಲಿನವರೆಗೆ ಓಡಾಡಲು. ರಸ್ತೆಗೆ ಇಳಿಸುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಇಂಥ ಗಾಡಿಗೆ ವಿನಾಯಿತಿ ಇರುವುದು 25 ಸಿಸಿವರೆಗೆ ಮಾತ್ರ. ನನ್ನದು ಅದಕ್ಕಿಂತ ತುಂಬಾ ದೊಡ್ಡದು.

ಎಷ್ಟು ದೊಡ್ಡದು ಅನ್ನುವುದು ಪ್ಯಾಕಿಂಗ್ ಕೊಳ್ಳುವಾಗ ಬೇಕಾಗುತ್ತದೆ. ಡಬ್ಬಿಯ ಮೇಲೆ 80 ಸಿಸಿ ಅಂತ ಬರೆದಿತ್ತು. ಅಳೆದು ನೋಡಿದರೆ ಬೋರ್ (ಸಿಲಿಂಡರ್ ತೂತಿನ ಅಗಲ) 47 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 38 ಮಿ.ಮೀ. ಲೆಕ್ಕ ಹಾಕಿದರೆ ಬರುವುದು 66 ಸಿಸಿ. ಇದೇ ಥರ ಕಾಣುವ 48 ಸಿಸಿ ಎಂಜಿನ್ನಿನ ಬೋರ್ 40 ಮಿ.ಮೀ. ಅದರ ಪ್ಯಾಕಿಂಗ್ ಇದಕ್ಕೆ ಹಾಕಿದರೆ ಅಂಚು ಸಿಲಿಂಡರ್ ಒಳಗೆ ಚಾಚಿಕೊಳ್ಳುತ್ತದೆ. ಹಾಗಾಗಿ ಸಿಸಿ ನೋಡಬೇಡಿ, ತೂತಿನ ಅಳತೆ ನೋಡಿ ತರಿಸಿ.

ಲೀಕ್ ಶುರುವಾಗಿದ್ದು ಪಂಪ್‌ಸೆಟ್ ಪಕ್ಕದ ಏರಿನಲ್ಲಿ. ಆರಾಮಾಗಿ ಹತ್ತುತ್ತಿದ್ದ ಗಾಡಿ ಏದುಸಿರು ಬಿಡತೊಡಗಿತು. ಜೊತೆಗೆ ಚಿಸ್ ಚಿಸ್ ಅಂತ ಸದ್ದು. ಹೆಡ್ ಮತ್ತು ಸಿಲಿಂಡರ್ ಸೇರುವ ಕಡೆ, ಸೈಲೆನ್ಸರ್ ಬದಿಯಲ್ಲಿ, ಕಪ್ಪು ಜಿಡ್ಡು ಗೆರೆ ಎಳೆದ ಹಾಗೆ ಇಳಿದಿತ್ತು. ಆದರೂ ಅದನ್ನೇ ನಂಬಿ ಹೆಡ್ ಬಿಚ್ಚಬೇಡಿ. ಪ್ಲಗ್ ಅಡಿಯ ವಾಷರ್ ಸರಿಯಾಗಿ ಕೂರದಿದ್ದರೂ ಇದೇ ಸದ್ದು ಬರುತ್ತದೆ. ಎಂಜಿನ್ ತಣ್ಣಗಾದ ಮೇಲೆ ಸುತ್ತಲೂ ಸೋಪಿನ ನೀರು ಹಚ್ಚಿ. ಸ್ಟ್ಯಾಂಡ್ ಹಾಕಿ, ಕ್ಲಚ್ ಲಿವರ್ ಬಿಟ್ಟು, ಹಿಂದಿನ ಚಕ್ರವನ್ನು ಕೈಯಲ್ಲೇ ತಿರುಗಿಸಿ. ಎಲ್ಲಿ ಗುಳ್ಳೆ ಏಳುತ್ತದೋ ಅಲ್ಲೇ ಲೀಕ್. ನನ್ನದರಲ್ಲಿ ಸೈಲೆನ್ಸರ್ ಬದಿಯ ಎರಡು ಸ್ಟಡ್‌ಗಳ (ಹೆಡ್ ಹಿಡಿದಿಡುವ, ನಟ್ ಹಾಕುವ ಥ್ರೆಡ್ ಕಂಬಿಗಳ) ನಡುವೆ ಬುಳುಬುಳು ಅಂತ ಗುಳ್ಳೆ ಬಂತು.

ಮೊದಲು ಅಲ್ಯೂಮಿನಿಯಂ. ಕಿಟ್ ಜೊತೆ ಬರುವುದು ಇದೇ, ಒಂದಕ್ಕೆ 80 ರೂಪಾಯಿ ಕೊಟ್ಟೆ. ಆರು ವಾರದಲ್ಲಿ ಮೂರು ಹೋದವು. ಒಂದು ಸಲ ಒತ್ತಿ ಚಪ್ಪಟೆಯಾದ ಅಲ್ಯೂಮಿನಿಯಂ ಬಿಚ್ಚಿ ಮತ್ತೆ ಹಾಕಿದರೆ ಸರಿಯಾಗಿ ಕೂರುವುದಿಲ್ಲ. ಕಾಯಿಸಿ ಮೆತ್ತಗೆ ಮಾಡೋಣ ಅಂದರೆ ಅಲ್ಯೂಮಿನಿಯಂ ತಾಮ್ರದಂತೆ ಕೆಂಪಾಗಿ ಸುಳಿವು ಕೊಡುವುದಿಲ್ಲ. ನೋಡನೋಡುತ್ತಲೇ ಕರಗಿಹೋಗುತ್ತದೆ. ಮೇಲೆ ಸೋಪು ಸವರಿ, ಅದು ಕಪ್ಪಾದ ಕೂಡಲೇ ಬೆಂಕಿಯಿಂದ ತೆಗೆಯುವ ಉಪಾಯ ಇದೆ. ನಾನು ಅಷ್ಟು ರಗಳೆಗೆ ಹೋಗಲಿಲ್ಲ.

ಪೇಸ್ಟ್ ವಿಷಯ ಬೇಗ ಮುಗಿಸುತ್ತೇನೆ. ಪ್ಯಾಕಿಂಗ್ ಇಲ್ಲದೆ ಬರೀ ಸಿಲಿಕಾನ್ ಬಳಿದು ಕೂರಿಸಿದರೆ ಆಯ್ತು ಅಂತ ಪರಿಚಯದ ಮೆಕಾನಿಕ್ ಒಬ್ಬರು ಹೇಳಿದ್ದರು. ಹತ್ತು ನಿಮಿಷ ಓಡಿತು. ಆಮೇಲೆ ಒಳಗಿನ ಒತ್ತಡಕ್ಕೆ ಪೇಸ್ಟ್ ದಾರದ ಹಾಗೆ ಹೊರಗೆ ಬಂತು. ಹೊರಗೆ ಬಂದರೆ ಪರವಾಗಿಲ್ಲ. ಒಳಗೆ ಬಿದ್ದ ಚೂರು ಪಿಸ್ಟನ್ ರಿಂಗಿಗೋ ಪೋರ್ಟಿಗೋ ಸಿಕ್ಕಿಕೊಂಡರೆ ಕೆಲಸ ಕೆಡುತ್ತದೆ. ಬೇಡ.

ಆಮೇಲೆ ತಾಮ್ರ. ಪಾತ್ರೆ ರಿಪೇರಿಯವರ ಹತ್ತಿರ 0.8 ಮಿ.ಮೀ. ತಗಡಿನ ತುಂಡು ಸಿಕ್ಕಿತು. ಹಳೆ ಪ್ಯಾಕಿಂಗ್ ಮಾದರಿಗೆ ಕೊಟ್ಟೆ, ಲೇತ್ ಅಂಗಡಿಯಲ್ಲಿ ಕತ್ತರಿಸಿ ಕೊಟ್ಟರು. ಎಲ್ಲ ಸೇರಿ 350 ರೂಪಾಯಿ. ತುಂಬಾ ಆಸೆಯಿಂದ ಕೂರಿಸಿ ಸ್ಟಾರ್ಟ್ ಮಾಡಿದರೆ ಮತ್ತದೇ ಚಿಸ್ ಚಿಸ್.

ಅವತ್ತು ನಿಜವಾಗಿ ಬೇಸರವಾಯಿತು. ಎಂಜಿನ್ ಆರಲಿ ಅಂತ ಪಕ್ಕದಲ್ಲೇ ಕೂತೆ. ಆರಿದ ಮೇಲೆ ಸುಮ್ನೆ ಒಂದು ನಟ್ಟಿನ ಕೆಳಗಿನ ವಾಷರ್ ಮೇಲೆ ಬೆರಳಿಟ್ಟೆ. ವಾಷರ್ ತಿರುಗಿತು. ಉಗುರಿನಲ್ಲಿ ತಳ್ಳಿದರೆ ಸಾಕು, ಸಲೀಸಾಗಿ ಸುತ್ತುತ್ತಿತ್ತು. ಅದರ ಮೇಲಿನ ನಟ್ ಮಾತ್ರ ಸ್ಪ್ಯಾನರ್‌ಗೂ ಜಗ್ಗದಷ್ಟು ಬಿಗಿ.

ಈ ಕಿಟ್‌ನಲ್ಲಿ ಬಂದಿದ್ದು ಟೊಪ್ಪಿ ನಟ್, ಅಂದರೆ ಮೇಲ್ಭಾಗ ಗುಂಡಗೆ ಮುಚ್ಚಿರುವ ಥರದ್ದು. ನೋಡೋಕೆ ಚೆಂದ. ಆದರೆ ಸ್ಟಡ್ ಸ್ವಲ್ಪ ಎತ್ತರ ಇದ್ದರೆ ಅದರ ತುದಿ ನಟ್ಟಿನ ಒಳತಲೆಗೆ ಹೋಗಿ ತಾಗುತ್ತದೆ. ಅಲ್ಲಿಂದ ಮುಂದೆ ಎಷ್ಟು ತಿರುಗಿಸಿದರೂ ನಟ್ ಸ್ಟಡ್ಡಿನ ಮೇಲೆಯೇ ಬಿಗಿಯಾಗುತ್ತದೆ, ಹೆಡ್ ಮೇಲೆ ಒಂದು ಚೂರೂ ಭಾರ ಬೀಳುವುದಿಲ್ಲ. ಕೈಗೆ ಬಿಗಿ ಸಿಗುತ್ತದೆ, ಹಾಗಾಗಿ ಅನುಮಾನವೇ ಬರುವುದಿಲ್ಲ. ಮೂರು ಅಲ್ಯೂಮಿನಿಯಂ ಪ್ಯಾಕಿಂಗ್ ಹೋಗಿದ್ದಕ್ಕೂ ಇದೇ ಕಾರಣ ಇರಬೇಕು ಅಂತ ಆಗ ಹೊಳೆಯಿತು.

ಪರೀಕ್ಷೆ ಮಾಡೋಕೆ ಬೆಂಕಿಕಡ್ಡಿ ಸಾಕು. ನಟ್ ಒಳಗೆ ಕಡ್ಡಿ ಇಳಿಸಿ ಆಳಕ್ಕೆ ಗುರುತು ಹಾಕಿಕೊಳ್ಳಿ. ಅದೇ ಕಡ್ಡಿಯನ್ನು ವಾಷರ್ ಮೇಲೆ ನಿಲ್ಲಿಸಿ ಸ್ಟಡ್ಡಿನ ಪಕ್ಕ ಹಿಡಿಯಿರಿ. ಸ್ಟಡ್ ಗುರುತನ್ನು ಮುಟ್ಟಿದರೆ ಅಥವಾ ದಾಟಿದರೆ ಆ ನಟ್ ಒತ್ತುವುದಿಲ್ಲ. ನನ್ನದರಲ್ಲಿ ಎರಡು ಸ್ಟಡ್ ಸರಿ ಇದ್ದವು, ಎರಡು ಸುಮಾರು 2 ಮಿ.ಮೀ. ಜಾಸ್ತಿ ಎತ್ತರ ಇದ್ದವು. ಆ ಎರಡೂ ಸೈಲೆನ್ಸರ್ ಬದಿಯವೇ, ಗುಳ್ಳೆ ಬಂದ ಜಾಗದವೇ.

ಟೊಪ್ಪಿ ನಟ್ ನಾಲ್ಕನ್ನೂ ತೆಗೆದು, ಹಾರ್ಡ್‌ವೇರ್ ಅಂಗಡಿಯಿಂದ 8 ಮಿ.ಮೀ.ನ ಸಾದಾ ನಟ್, ದಪ್ಪ ವಾಷರ್ ತಂದೆ. ಒಟ್ಟು 40 ರೂಪಾಯಿ. ನಟ್ ಬದಲಿಸುವುದು ಬೇಡ ಅನ್ನುವವರು ಟೊಪ್ಪಿ ನಟ್ಟಿನ ಅಡಿಯಲ್ಲಿ ಇನ್ನೊಂದು ವಾಷರ್ ಸೇರಿಸಿದರೂ ಆಗುತ್ತದೆ. ಬಿಚ್ಚುವ ಮೊದಲು ಒಂದು ಮಾತು. ಇದೇ ನಾಲ್ಕು ಉದ್ದ ಸ್ಟಡ್‌ಗಳು ಸಿಲಿಂಡರನ್ನೂ ಹಿಡಿದಿರುತ್ತವೆ. ಹೆಡ್ ಎತ್ತುವಾಗ ಸಿಲಿಂಡರ್ ಜೊತೆಗೆ ಮೇಲೆ ಬಂದರೆ ಬುಡದ ಪೇಪರ್ ಪ್ಯಾಕಿಂಗ್ ಹರಿಯುತ್ತದೆ. ಅಲ್ಲಿಂದ ಗಾಳಿ ಎಳೆದುಕೊಂಡು ಎಂಜಿನ್ ವಿಪರೀತ ಬಿಸಿಯಾಗುತ್ತದೆ. ಒಂದು ಕೈ ಸಿಲಿಂಡರ್ ಮೇಲೆ ಒತ್ತಿ ಹಿಡಿದೇ ಹೆಡ್ ತೆಗೆಯಿರಿ.

ಬಿಚ್ಚಿದ್ದೇ ಆಯ್ತು ಅಂತ ಹೆಡ್ ಕೂಡ ತಿಕ್ಕಿದೆ. ಹಳೆ ಟೇಬಲ್ಲಿನ ದಪ್ಪ ಗಾಜು, ಅದರ ಮೇಲೆ 400ನೇ ನಂಬರಿನ ವಾಟರ್ ಪೇಪರ್, ಸ್ವಲ್ಪ ನೀರು. ಹೆಡ್ ಮುಖಕ್ಕೆ ಮಾರ್ಕರ್ ಪೆನ್ನಿನಲ್ಲಿ ಗೆರೆ ಎಳೆದು, ಎಂಟರ ಆಕಾರದಲ್ಲಿ ತಿಕ್ಕಬೇಕು. ತಗ್ಗಿದ್ದ ಕಡೆ ಗೆರೆ ಹಾಗೇ ಉಳಿಯುತ್ತದೆ. ಗೆರೆ ಪೂರ್ತಿ ಹೋಗೋಕೆ ನನಗೆ 40 ನಿಮಿಷ ಹಿಡಿಯಿತು. ಆಮೇಲೆ 600. ಯಾವ ಪ್ಯಾಕಿಂಗ್ ಹಾಕಿದರೂ ಈ ಕೆಲಸ ಬಿಡಬೇಡಿ.

ನಟ್ ಬಿಗಿ ಮಾಡುವುದು ಎದುರುಬದುರಾಗಿ, ಮೂರು ಸುತ್ತಿನಲ್ಲಿ. ನಾನು ಬಿಗಿಯ ಅಳತೆ 6, 11, 16 ನ್ಯೂಟನ್ ಮೀಟರ್ ಇಟ್ಟೆ. ಎಂಜಿನ್ ಬುಡ ಅಲ್ಯೂಮಿನಿಯಂನದು, ಜೋರು ಮಾಡಿದರೆ ಥ್ರೆಡ್ ಹೋಗುತ್ತದೆ. ಹತ್ತು ನಿಮಿಷ ಓಡಿಸಿ, ಪೂರ್ತಿ ಆರಲು ಬಿಟ್ಟು, ಮಾರನೇ ದಿನ ಬೆಳಿಗ್ಗೆ ಇನ್ನೊಮ್ಮೆ 16ಕ್ಕೆ ನೋಡಿಕೊಂಡೆ. ಒಂದೆರಡು ನಟ್ ಸ್ವಲ್ಪ ತಿರುಗಿದವು.

ಇಷ್ಟಾದ ಮೇಲೆ ಅಲ್ಯೂಮಿನಿಯಂಗೆ ಅನ್ಯಾಯ ಆಗಬಾರದು ಅಂತ ಹೊಸದೊಂದನ್ನು ತರಿಸಿ ಮೊದಲು ಅದನ್ನೇ ಹಾಕಿದೆ. ಎರಡು ತಿಂಗಳು ಒಂದು ಹನಿಯೂ ಸೋರಲಿಲ್ಲ. ಎಂಜಿನ್ ಶಕ್ತಿಯಲ್ಲೂ ತಾಮ್ರಕ್ಕೂ ಅದಕ್ಕೂ ನನಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಹೆಡ್ ಒಮ್ಮೆ ಕೂರಿಸಿ ಮತ್ತೆ ಮುಟ್ಟದವರಿಗೆ 80 ರೂಪಾಯಿಯ ಅಲ್ಯೂಮಿನಿಯಂ ಧಾರಾಳವಾಗಿ ಸಾಕು.

ನನ್ನ ಅಭ್ಯಾಸ ಬೇರೆ. ಮೂರ್ನಾಲ್ಕು ತಿಂಗಳಿಗೊಮ್ಮೆ ಹೆಡ್ ಬಿಚ್ಚಿ ಪಿಸ್ಟನ್ ತಲೆಯ ಮಸಿ ಕೆರೆಯುತ್ತೇನೆ. ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಆಯಿಲ್ ಹಾಕಿ, ನಿಧಾನಕ್ಕೆ, ನಿಂತು ನಿಂತು ಓಡಿಸುವ ಗಾಡಿ. ಮಸಿ ಕಟ್ಟದೆ ಇರುವುದಿಲ್ಲ. ಪ್ರತಿ ಸಲ ಹೊಸ ಅಲ್ಯೂಮಿನಿಯಂ ಬೇಕು, ಅದು ಪಾರ್ಸೆಲ್ ಬರೋಕೆ ಒಂದು ವಾರ. ಅಷ್ಟು ದಿನ ಗಾಡಿ ಮೂಲೆಯಲ್ಲಿ ನಿಲ್ಲುತ್ತದೆ.

ತಾಮ್ರಕ್ಕೆ ಆ ಕಾಯುವಿಕೆ ಇಲ್ಲ. ಒತ್ತಿ ಒತ್ತಿ ಗಟ್ಟಿಯಾದ ತಾಮ್ರ ಕೆಂಪಗೆ ಕಾದರೆ ಮತ್ತೆ ಮೆತ್ತಗಾಗುತ್ತದೆ. ಸಂಜೆ ಹಂಡೆ ಒಲೆಯಲ್ಲಿ ತೆಂಗಿನ ಚಿಪ್ಪಿನ ಕೆಂಡ ಇರುತ್ತದಲ್ವಾ, ಅದರ ಮೇಲೆ ಪ್ಯಾಕಿಂಗ್ ಮಲಗಿಸುತ್ತೇನೆ. ಮಬ್ಬು ಬೆಳಕಿನಲ್ಲೇ ಮಾಡಬೇಕು, ಬಿಸಿಲಲ್ಲಿ ಆ ಮಂಕು ಕೆಂಪು ಕಾಣಿಸುವುದಿಲ್ಲ. ಸುತ್ತಲೂ ಒಂದೇ ಸಮ ಕೆಂಪೇರಿದ ಮೇಲೆ ಇಕ್ಕಳದಲ್ಲಿ ಎತ್ತಿ ನೀರಿಗೆ ಅದ್ದುತ್ತೇನೆ. ಕಬ್ಬಿಣವಾದರೆ ಹೀಗೆ ಅದ್ದಿದಾಗ ಗಟ್ಟಿಯಾಗಬಹುದು, ತಾಮ್ರ ಆಗುವುದಿಲ್ಲ. ಮೇಲಿನ ಕಪ್ಪು ಪೊರೆಗೆ ಅಮ್ಮ ಚೊಂಬು ತಿಕ್ಕುವ ಹುಣಸೆಹಣ್ಣು, ಉಪ್ಪು. ಎರಡು ನಿಮಿಷಕ್ಕೆ ಫಳಫಳ ಅನ್ನುತ್ತದೆ. ಕೈಯಲ್ಲಿ ಹಿಡಿದರೆ ಸೀಸದ ತಗಡಿನ ಹಾಗೆ ಬಾಗುತ್ತದೆ, ಹಾಗಾಗಿ ಒಂದಿಷ್ಟೂ ಮಡಚದಂತೆ ತಂದು ಸ್ಟಡ್‌ಗಳಿಗೆ ಇಳಿಸಬೇಕು.

ಮೊನ್ನೆ ಎರಡನೇ ಸಲ ಹೀಗೆ ಕಾಯಿಸಿ ಹಾಕಿದೆ. ಸೋಪಿನ ನೀರು ಹಚ್ಚಿ ಚಕ್ರ ತಿರುಗಿಸಿದೆ, ಒಂದೂ ಗುಳ್ಳೆ ಏಳಲಿಲ್ಲ. ನಾಲ್ಕೂ ವಾಷರ್‌ಗಳನ್ನು ಉಗುರಿನಲ್ಲಿ ತಳ್ಳಿ ನೋಡಿದೆ, ಒಂದೂ ಅಲುಗಲಿಲ್ಲ.